ಹಸಿ ಸೌತೆಕಾಯಿ ತಿಂದರೆ ಬಾಯೆಲ್ಲ ತುರಿಕೆ, ಬೇಯಿಸಿದರೆ ಏನೂ ಇಲ್ಲ. ಯಾಕೆ ಹೀಗೆ?

ಕೂಡಿಗೆ ಸೊಸೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತವರು ನಾಪೋಕ್ಲು. ಮದುವೆಯಾಗಿ ಕೂಡಿಗೆಗೆ ಬಂದು ಏಳು ವರ್ಷ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ತವರಿನಲ್ಲಿದ್ದಾಗ ನನಗೆ ನೆಗಡಿ ಅಂದರೆ ಮಳೆಗಾಲದ ನೆಗಡಿ ಅಷ್ಟೇ. ಇಲ್ಲಿಗೆ ಬಂದ ಮೂರನೇ ವರ್ಷದಿಂದ ಆಗಸ್ಟ್ ಮುಗಿಯುತ್ತಿದ್ದ ಹಾಗೆ ಸೀನು ಶುರುವಾಗುತ್ತದೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಸಾಕು, ಒಂದರ ಹಿಂದೆ ಒಂದು ಹತ್ತು ಹನ್ನೆರಡು ಸೀನು. ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ನವೆಂಬರ್ ಕೊನೆಗೆ ಕಡಿಮೆಯಾಗುತ್ತದೆ. ಇದಕ್ಕೆ ಮಾತ್ರೆ ತಗೊಂಡು ಹೇಗೋ ಸುಧಾರಿಸುತ್ತಿದ್ದೆ.

ಹೋದ ವರ್ಷ ರಾಮನವಮಿ ದಿನ ಬೇರೆಯೇ ಒಂದು ಆಯಿತು. ಬೀದಿಯಲ್ಲಿ ಕರ್ಬೂಜದ ಪಾನಕ, ಹೆಸರುಬೇಳೆ ಸೌತೆಕಾಯಿ ಕೋಸಂಬರಿ ಹಂಚುತ್ತಿದ್ದರು. ಪಾನಕ ಎರಡು ಗುಟುಕು ಕುಡಿದೆ. ಅಂಗುಳ ತುರಿಸಲು ಶುರು. ಕೋಸಂಬರಿ ಬಾಯಿಗೆ ಹಾಕಿದೆ, ತುಟಿ ಚುರುಚುರು ಅಂತು. ಸರಿಯಾಗಿ ಬೇಯದ ಕೆಸುವಿನ ಸೊಪ್ಪು ತಿಂದರೆ ಆಗುತ್ತಲ್ವಾ, ಅದೇ ಥರ. ಜೊತೆಗೆ ಕಿವಿಯ ಒಳಗಡೆ ಕಡಿತ, ಬೆರಳು ಹಾಕಿದರೂ ಸಿಗದ ಜಾಗದಲ್ಲಿ. ತಡೆಯಲಾಗದೆ ಬಾಯಲ್ಲಿದ್ದದ್ದನ್ನು ಸೆರಗಿಗೆ ಉಗಿದೆ. ಅತ್ತೆ ನೋಡಿಬಿಟ್ಟರು. ಪ್ರಸಾದ ಉಗಿದಳು ಅಂತ ಅವರಿಗೆ ತುಂಬಾ ಬೇಜಾರಾಯಿತು. ಅರ್ಧ ಗಂಟೆಯಲ್ಲಿ ನನ್ನ ತುರಿಕೆ ಹೋಯಿತು. ಅವರ ಬೇಜಾರು ಹೋಗಲಿಲ್ಲ.

ಆಮೇಲೆ ಗಮನ ಇಟ್ಟು ನೋಡಿದೆ. ಹಸಿ ಸೌತೆಕಾಯಿ, ಕರ್ಬೂಜ, ಕಲ್ಲಂಗಡಿ, ಬಾಳೆಹಣ್ಣು ಇಷ್ಟಕ್ಕೆ ಆಗುತ್ತದೆ. ಬಾಳೆಯಲ್ಲಿ ಪುಟ್ಟಬಾಳೆಗೆ ಜಾಸ್ತಿ. ಆದರೆ ಸೌತೆಕಾಯಿ ಹುಳಿ ಮಾಡಿದರೆ ಎರಡು ಸಲ ಬಡಿಸಿಕೊಂಡು ತಿನ್ನುತ್ತೇನೆ, ಏನೂ ಆಗುವುದಿಲ್ಲ. ನೇಂದ್ರಬಾಳೆ ಬೇಯಿಸಿ ಕೊಟ್ಟರೆ ಏನೂ ಆಗುವುದಿಲ್ಲ. ಇಲ್ಲೇ ನನ್ನ ಮಾತು ಯಾರೂ ನಂಬದ ಹಾಗಾಗಿರುವುದು. "ಅದೇ ಸೌತೆಕಾಯಿ, ಹಸಿ ಆದರೆ ಆಗಲ್ಲ, ಸಾರು ಆದರೆ ಆಗುತ್ತೆ ಅಂದರೆ ಏನರ್ಥ?" ಅಂತ ಅತ್ತೆ ಕೇಳುತ್ತಾರೆ. ಅವರು ಕೆಟ್ಟವರಲ್ಲ. ನನಗೇ ಉತ್ತರ ಗೊತ್ತಿಲ್ಲ, ಅವರಿಗೆ ಏನು ಹೇಳಲಿ? ಪಕ್ಕದ ಮನೆಯವರು ನಂಜು ಅಂತಾರೆ, ಇನ್ನೊಬ್ಬರು ಉಷ್ಣ ಅಂತಾರೆ.

ಮೊನ್ನೆ ಕಾವೇರಿ ಸಂಕ್ರಮಣಕ್ಕೆ ತವರಿಗೆ ಹೋಗಿದ್ದೆ. ಪೂಜೆಗೆ ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಹೂವು, ಸರ ಹಾಕಿ ಸಿಂಗರಿಸುವುದು ಚಿಕ್ಕಂದಿನಿಂದ ನನ್ನ ಕೆಲಸ. ಸಿಂಗರಿಸುವಾಗ ಇನ್ನೊಂದು ಎಳೆ ಸೌತೆಕಾಯಿಗೆ ಅವ್ವ ಉಪ್ಪು ಖಾರ ಹಚ್ಚಿ ನನ್ನ ಕೈಗೆ ಕೊಡುತ್ತಿದ್ದಳು. ಈ ಸಲವೂ ಕೊಟ್ಟಳು. ಬೇಡ ಅಂದೆ. ಅವ್ವನ ಮುಖ ನೋಡಲಾಗಲಿಲ್ಲ.

ಇದಕ್ಕೆ ಹೆಸರು ಇದೆಯಾ? ಯಾವ ಡಾಕ್ಟರ ಹತ್ತಿರ ಹೋಗಬೇಕು? ಇದು ಜಾಸ್ತಿಯಾಗಿ ಉಸಿರಿಗೆ ತೊಂದರೆ ಆಗುತ್ತದಾ ಅನ್ನುವ ಭಯವೂ ಇದೆ. ಮುಂದಿನ ತಿಂಗಳು ಹುತ್ತರಿ ಬರುತ್ತದೆ. ತಂಬಿಟ್ಟಿಗೆ ಹಾಕುವುದೇ ಹಸಿ ಬಾಳೆಹಣ್ಣು.

ಸುಂಟಿಕೊಪ್ಪ ತೋಟ

ಅಕ್ಕ, ಈಗಿನ ಸೌತೆಕಾಯಿಗೆ ಔಷಧಿ ಹೊಡೆದಿರುತ್ತಾರೆ. ಉಪ್ಪು ನೀರಲ್ಲಿ ಅರ್ಧ ಗಂಟೆ ನೆನೆಸಿ, ಸಿಪ್ಪೆ ತೆಗೆದು ತಿಂದು ನೋಡಿ.

ಕೂಡಿಗೆ ಸೊಸೆ

ಅಣ್ಣ, ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಹಿತ್ತಲಲ್ಲಿ ನಾವೇ ಹಾಕಿದ ಬಳ್ಳಿ ಇದೆ, ಸಗಣಿ ಗೊಬ್ಬರ ಬಿಟ್ಟರೆ ಏನೂ ಹಾಕಿಲ್ಲ. ಅದರ ಕಾಯಿಗೂ ಹೀಗೇ ಆಗುತ್ತದೆ. ಸಿಪ್ಪೆ ತೆಗೆದರೂ ಅಷ್ಟೇ.

ವಿರಾಜಪೇಟೆ ಹಳೇ ಡಾಕ್ಟರ್

ತಾಯಿ, ನೀವು ಇಷ್ಟು ಬಿಡಿಸಿ ಬರೆದದ್ದು ಒಳ್ಳೆಯದಾಯಿತು. ನಿಮ್ಮ ಉತ್ತರ ನಿಮ್ಮ ಪ್ರಶ್ನೆಯ ಒಳಗೇ ಇದೆ. ಸೀನು ಮೊದಲು ಬಂತು, ಬಾಯಿ ತುರಿಕೆ ಆಮೇಲೆ ಬಂತು. ಹಸಿಯಾಗಿ ತಿಂದರೆ ಆಗುತ್ತದೆ, ಬೇಯಿಸಿದ್ದಕ್ಕೆ ಇಲ್ಲ. ಈ ಎರಡು ಮಾತು ಕೇಳಿದರೆ ಅಲರ್ಜಿ ನೋಡುವ ಯಾವ ಡಾಕ್ಟರಾದರೂ ಒಂದೇ ದಿಕ್ಕಿನಲ್ಲಿ ಯೋಚಿಸುತ್ತಾರೆ. ಇದಕ್ಕೆ ಓರಲ್ ಅಲರ್ಜಿ ಸಿಂಡ್ರೋಮ್ ಅಂತ ಹೆಸರು. ಪರಾಗದ ಅಲರ್ಜಿಯೇ ಹಣ್ಣು ತರಕಾರಿಯ ರೂಪದಲ್ಲಿ ಬಾಯಿಗೆ ಬರುವುದು.

ಹೇಗೆ ಅಂದರೆ, ಗಾಳಿಯಲ್ಲಿ ಬರುವ ಯಾವುದೋ ಗಿಡದ ಪರಾಗವನ್ನು ನಿಮ್ಮ ದೇಹ ಶತ್ರು ಅಂತ ಗುರುತು ಹಾಕಿಕೊಂಡಿದೆ. ಆ ಪರಾಗದಲ್ಲಿರುವ ಪ್ರೋಟೀನನ್ನೇ ಹೋಲುವ ಪ್ರೋಟೀನು ಕೆಲವು ಹಣ್ಣು ತರಕಾರಿಯಲ್ಲೂ ಇರುತ್ತದೆ. ತೋಟದ ನಾಯಿ ಒಮ್ಮೆ ಕಳ್ಳನನ್ನು ಹಿಡಿದ ಮೇಲೆ, ಅದೇ ಥರದ ಕಂಬಳಿ ಹೊದ್ದು ಬಂದ ನೆಂಟರಿಗೂ ಬೊಗಳುತ್ತದೆ. ಹಾಗೆ. ಬೇಯಿಸಿದಾಗ ಆ ಪ್ರೋಟೀನಿನ ಆಕಾರ ಕೆಡುತ್ತದೆ, ಅಂದರೆ ನೆಂಟರು ಕಂಬಳಿ ತೆಗೆದ ಹಾಗಾಯಿತು. ನಾಯಿ ಸುಮ್ಮನಾಗುತ್ತದೆ. ಹೊಟ್ಟೆಯ ಆಮ್ಲವೂ ಇದೇ ಕೆಲಸ ಮಾಡುತ್ತದೆ. ಅದಕ್ಕೇ ನಿಮ್ಮ ತುರಿಕೆ ಬಾಯಿ, ಗಂಟಲು, ಕಿವಿ ದಾಟಿ ಕೆಳಗೆ ಇಳಿಯುತ್ತಿಲ್ಲ, ಅರ್ಧ ಗಂಟೆಯಲ್ಲಿ ಹೋಗುತ್ತದೆ.

ಕೆಸುವಿನ ಹೋಲಿಕೆ ಕೊಟ್ಟಿರಿ. ಅದರಲ್ಲಿ ಒಂದು ವ್ಯತ್ಯಾಸ ಇದೆ, ನಿಮ್ಮ ಅತ್ತೆಯವರಿಗೆ ವಿವರಿಸಲು ಉಪಯೋಗಕ್ಕೆ ಬರಬಹುದು. ಕೆಸುವಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರುತ್ತದೆ. ಅದು ಯಾರ ಬಾಯಿಗಾದರೂ ಚುಚ್ಚುತ್ತದೆ. ಅನಾನಸ್ ಜಾಸ್ತಿ ತಿಂದರೆ ನಾಲಿಗೆ ಉರಿಯುವುದೂ ಎಲ್ಲರಿಗೂ ಆಗುವಂಥದ್ದೇ. ಸೌತೆಕಾಯಿ ಹಾಗಲ್ಲ. ಊರಿಗೆಲ್ಲ ಒಳ್ಳೆಯದು, ನಿಮ್ಮೊಬ್ಬರ ದೇಹಕ್ಕೆ ಮಾತ್ರ ಅದು ಬೇರೆ ಥರ ಕಾಣುತ್ತದೆ. ಅದಕ್ಕೇ ಪಕ್ಕದಲ್ಲಿ ಕೂತು ತಿನ್ನುವವರಿಗೆ ನಂಬುವುದು ಕಷ್ಟ. ಆದರೆ ಇದು ಇತ್ತೀಚಿನ ಹುಡುಗಿಯರ ನಾಜೂಕು ಅಲ್ಲ ಅಂತ ಅವರಿಗೆ ಹೇಳಿ. ಹಸಿ ಹಣ್ಣಿನ ಈ ಅಲರ್ಜಿ ಬಗ್ಗೆ 1942ರಲ್ಲೇ ವೈದ್ಯರು ಬರೆದಿದ್ದಾರೆ. ಈಗಿನ ಹೆಸರು ಬಂದದ್ದು 1987ರಲ್ಲಿ.

ಯಾವ ಗಿಡ ಅಂತ ಕೇಳುತ್ತೀರಿ. ನಾಪೋಕ್ಲುವಿನಲ್ಲಿ ಇಲ್ಲದೆ ಕೂಡಿಗೆಯಲ್ಲಿ ಶುರುವಾಯಿತು ಅಂದಾಗ ನನಗೆ ಮೊದಲು ನೆನಪಾದದ್ದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ನಿಮ್ಮ ಕಡೆ ಬಯಲು ಜಾಸ್ತಿ, ಮಳೆ ಕಡಿಮೆ. ರಸ್ತೆ ಬದಿ, ಖಾಲಿ ಸೈಟು, ಜೋಳದ ಹೊಲದ ಬದು ಎಲ್ಲಾ ಕಡೆ ಬೆಳ್ಳಗೆ ಹೂ ಬಿಟ್ಟಿರುತ್ತದೆ. ನಮ್ಮ ದೇಶದಲ್ಲಿ ಇದನ್ನು ಗುರುತಿಸಿದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಇದಕ್ಕೆ ಅಮೆರಿಕದಲ್ಲಿ ರಾಗ್‌ವೀಡ್ ಅಂತ ಒಂದು ಹತ್ತಿರದ ನೆಂಟ ಇದೆ, ಎರಡೂ ಒಂದೇ ಕುಟುಂಬದ ಗಿಡ. ಪಾರ್ಥೇನಿಯಂ ಅಲರ್ಜಿ ಇರುವವರ ದೇಹ ರಾಗ್‌ವೀಡ್ ಪರಾಗವನ್ನೂ ಗುರುತು ಹಿಡಿಯಬಲ್ಲದು. ರಾಗ್‌ವೀಡ್ ಅಲರ್ಜಿ ಇರುವ ಅಲ್ಲಿನ ಜನರಿಗೆ ಬಾಯಿ ತುರಿಸುವ ಹಣ್ಣು ತರಕಾರಿ ಯಾವುದು ಗೊತ್ತಾ? ಕರ್ಬೂಜ, ಕಲ್ಲಂಗಡಿ, ಸೌತೆಕಾಯಿ, ಬಾಳೆಹಣ್ಣು. ನಿಮ್ಮ ಪಟ್ಟಿಯೇ. ಹುಲ್ಲಿನ ಪರಾಗದಿಂದಲೂ ಕರ್ಬೂಜ, ಟೊಮೆಟೊ, ಕಿತ್ತಳೆಗೆ ಹೀಗಾಗುವುದುಂಟು. ಪ್ರೊಫಿಲಿನ್ ಅನ್ನುವ ಒಂದು ಪ್ರೋಟೀನು ಬಹುತೇಕ ಎಲ್ಲಾ ಗಿಡದಲ್ಲೂ ಇರುತ್ತದೆ, ಹಾಗಾಗಿ ಒಂದೇ ಗಿಡದ ಮೇಲೆ ತಪ್ಪು ಹೊರಿಸುವ ಮೊದಲು ಪರೀಕ್ಷೆ ಆಗಲಿ.

ಮೈಸೂರಿನಲ್ಲಿ ಅಲರ್ಜಿ ನೋಡುವವರ ಹತ್ತಿರ ಸ್ಕಿನ್ ಪ್ರಿಕ್ ಟೆಸ್ಟ್, ಅಂದರೆ ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ಮಾಡಿಸಿ. ಹೋಗುವ ಮೊದಲು ಫೋನ್ ಮಾಡಿ, ಸೀನಿನ ಮಾತ್ರೆ ಎಷ್ಟು ದಿನ ನಿಲ್ಲಿಸಬೇಕು ಅಂತ ಕೇಳಿಕೊಳ್ಳಿ. ಸಾಮಾನ್ಯವಾಗಿ ಒಂದು ವಾರ ಹೇಳುತ್ತಾರೆ. ಮಾತ್ರೆ ಮೈಯಲ್ಲಿದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಇನ್ನೊಂದು ಮುಖ್ಯ ವಿಷಯ, ಹಣ್ಣಿನ ಪ್ರೋಟೀನು ಬೇಗ ಕೆಡುವುದರಿಂದ ಪರೀಕ್ಷೆಗೆ ಅಂತ ಬಾಟಲಿಯಲ್ಲಿ ಬರುವ ಹಣ್ಣಿನ ದ್ರಾವಣದಲ್ಲಿ ಕೆಲವೊಮ್ಮೆ ಏನೂ ಕಾಣುವುದಿಲ್ಲ. ತಾಜಾ ಸೌತೆಕಾಯಿ, ಬಾಳೆಹಣ್ಣು ಜೊತೆಗೆ ತಗೊಂಡು ಹೋಗಲೇ ಅಂತ ಅದೇ ಫೋನಿನಲ್ಲಿ ಕೇಳಿ. ಸೂಜಿಯನ್ನು ಮೊದಲು ಹಣ್ಣಿಗೆ ಚುಚ್ಚಿ, ಆಮೇಲೆ ಚರ್ಮಕ್ಕೆ ತಾಗಿಸಿ ನೋಡುತ್ತಾರೆ.

ಭಯದ ಬಗ್ಗೆ ಕೇಳಿದಿರಿ. ಬಹಳ ಜನರಿಗೆ ಇದು ಬಾಯಿಯಲ್ಲೇ ನಿಲ್ಲುತ್ತದೆ. ಆದರೆ ಅಪರೂಪಕ್ಕೆ ಮೈಗೆಲ್ಲ ಏರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಗಂಟಲು ಬಿಗಿದರೆ, ದನಿ ಬದಲಾದರೆ, ಉಸಿರು ಎಳೆಯುವಾಗ ಸದ್ದು ಬಂದರೆ, ಮೈಯೆಲ್ಲ ಪಿತ್ತಗಂಧೆ ಎದ್ದು ವಾಂತಿಯೋ ತಲೆಸುತ್ತೋ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಮಾತ್ರೆ ನುಂಗಿ ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. ಆಗ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ತುರಿಸುವ ಹಣ್ಣನ್ನು ಜ್ಯೂಸ್ ಮಾಡಿ ಲೋಟಗಟ್ಟಲೆ ಕುಡಿಯುವುದು, ಖಾಲಿ ಹೊಟ್ಟೆಯಲ್ಲಿ ಕುಡಿಯುವುದು ಖಂಡಿತ ಬೇಡ. ತಿನ್ನುವಾಗ ಒಂದು ತುಂಡಿಗೇ ಬಾಯಿ ನಿಲ್ಲಿಸು ಅನ್ನುತ್ತದೆ. ಕುಡಿಯುವಾಗ ಅದು ಹೇಳುವಷ್ಟರಲ್ಲಿ ಲೋಟ ಖಾಲಿಯಾಗಿರುತ್ತದೆ.

ನರ್ಸ್ ಮಡಿಕೇರಿ

ಡಾಕ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ ಅಕ್ಕ. ನಿಮ್ಮ ಪಟ್ಟಿಯಲ್ಲಿ ಬಾಳೆಹಣ್ಣು ಇದೆ, ಅದಕ್ಕೆ. ನನಗೂ ಬಾಳೆಹಣ್ಣು, ಬಟರ್ ಫ್ರೂಟ್ ಎರಡೂ ಆಗುವುದಿಲ್ಲ, ಆದರೆ ನನ್ನದು ಪರಾಗ ಅಲ್ಲ, ರಬ್ಬರ್. ಡ್ಯೂಟಿಯಲ್ಲಿ ಲೇಟೆಕ್ಸ್, ಅಂದರೆ ರಬ್ಬರ್ ಹಾಲಿನ ಗ್ಲೌಸ್ ಹಾಕಿ ಹಾಕಿ ಕೈ ತುರಿಸುತ್ತಿತ್ತು, ಸೋಪಿನಿಂದ ಅಂದುಕೊಂಡಿದ್ದೆ. ಒಂದು ದಿನ ತೋಟದ ಬಟರ್ ಫ್ರೂಟಿಗೆ ಸಕ್ಕರೆ ಹಾಕಿ ತಿಂದೆ, ತುಟಿ ಊದಿ ಮೈಮೇಲೆ ಗಂಧೆ ಎದ್ದಿತು. ರಬ್ಬರ್ ಹಾಲಿನ ಅಲರ್ಜಿ ಇರುವವರಿಗೆ ಬಾಳೆ, ಬಟರ್ ಫ್ರೂಟ್, ಕಿವಿ ಹಣ್ಣು, ಪಪ್ಪಾಯಿಗೆ ಹೀಗಾಗುತ್ತದೆ. ಇದು ಕೆಲವೊಮ್ಮೆ ಜೋರಾಗಿಯೇ ಬರುತ್ತದೆ. ಬಲೂನ್ ಊದಿದಾಗ ತುಟಿ ತುರಿಸುತ್ತದಾ, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿದರೆ ಕೈ ಕಡಿಯುತ್ತದಾ ನೋಡಿ. ಪರೀಕ್ಷೆ ಮಾಡುವಾಗ ಲೇಟೆಕ್ಸ್ ಕೂಡ ನೋಡಲು ಹೇಳಿ. ಮುಂದೆ ಆಪರೇಷನ್ನೋ ಹೆರಿಗೆಯೋ ಬಂದರೆ ಇದು ಮೊದಲೇ ಗೊತ್ತಿರಬೇಕಾದ ವಿಷಯ.

ಪೊನ್ನಂಪೇಟೆ ಮಗಳು

ಓದುತ್ತಾ ಓದುತ್ತಾ ಕಣ್ಣಲ್ಲಿ ನೀರು ಬಂತು ಅಕ್ಕ. ನನ್ನ ಕಥೆ ಜರ್ಮನಿಯದು. ಕೆಲಸಕ್ಕೆ ಹೋಗಿ ಐದು ವರ್ಷ ಅಲ್ಲಿದ್ದೆ. ಅಲ್ಲಿ ಬರ್ಚ್ ಅಂತ ಬಿಳಿ ತೊಗಟೆಯ ಮರ, ಏಪ್ರಿಲ್ ಹೊತ್ತಿಗೆ ಹೂ ಬಿಡುತ್ತದೆ. ನಿಲ್ಲಿಸಿದ ಕಾರಿನ ಮೇಲೆ ಹಳದಿ ಪುಡಿ ಕೂತಿರುತ್ತದೆ, ಬೆರಳಲ್ಲಿ ಹೆಸರು ಬರೆಯಬಹುದು. ಮೂರನೇ ವರ್ಷ ಸೀನು ಶುರುವಾಯಿತು. ಮುಂದಿನ ವರ್ಷ ಸೇಬು ಕಚ್ಚಿದರೆ ಅಂಗುಳ ತುರಿಕೆ. ಆಮೇಲೆ ಹಸಿ ಕ್ಯಾರೆಟ್, ಪೀಚ್, ಚೆರ್ರಿ. ಅಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಆಫೀಸಿನಲ್ಲಿ ಸೇಬು ಬೇಡ ಅಂದಾಗ ಪಕ್ಕದವಳು "ಬರ್ಚಾ?" ಅಂತ ಕೇಳಿದಳು, ಅಷ್ಟೇ. ಸೇಬಿನಲ್ಲೂ ತಳಿಗೆ ತಳಿ ವ್ಯತ್ಯಾಸ ಇದೆ. ಗೋಲ್ಡನ್ ಡಿಲಿಶಸ್ ನನಗೆ ಮುಟ್ಟಲಾಗುತ್ತಿರಲಿಲ್ಲ, ಸಂತಾನ ಅನ್ನುವ ತಳಿ ಸ್ವಲ್ಪ ತಿನ್ನಬಹುದಿತ್ತು. ಹೌದು, ಹೆಸರೇ ಸಂತಾನ. ಬೇಕ್ ಮಾಡಿದ ಸೇಬಿನ ಕೇಕು ಎಷ್ಟು ತಿಂದರೂ ಏನೂ ಇಲ್ಲ.

ನಿಜವಾಗಿ ದುಃಖ ಆದದ್ದು ಊರಿಗೆ ಬಂದಾಗ. ಮೇ ತಿಂಗಳು, ಅಜ್ಜಿ ಹಲಸಿನಹಣ್ಣು ಕುಯ್ದು, ಕೈಗೆ ಎಣ್ಣೆ ಹಚ್ಚಿಕೊಂಡು ತೊಳೆ ಬಿಡಿಸಿ ಕೊಟ್ಟರು. ಹುಟ್ಟಿದಾಗಿನಿಂದ ತಿಂದ ಹಣ್ಣು, ಅದೇ ಮರದ್ದು. ಎರಡನೇ ತೊಳೆಗೆ ಬಾಯೆಲ್ಲ ತುರಿಕೆ. ನಂಬಲಾಗಲಿಲ್ಲ. ಆಮೇಲೆ ತಿಳಿಯಿತು, ಬರ್ಚ್ ಪರಾಗದಲ್ಲಿ ಇರುವಂಥದೇ ಪ್ರೋಟೀನು ಹಲಸಿನಲ್ಲೂ ಇದೆ. ನಮ್ಮ ಕೊಡಗಿನಲ್ಲಿ ಹುಡುಕಿದರೂ ಕಾಣದ ಮರ ನನ್ನ ಅಜ್ಜಿಯ ಹಲಸನ್ನು ನನ್ನಿಂದ ಕಿತ್ತುಕೊಂಡಿತು. ಅಜ್ಜಿ ಮಾತಾಡದೆ ಒಳಗೆ ಹೋದರು. ಮರುದಿನ ಅದೇ ಹಣ್ಣನ್ನು ಅರೆದು, ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿ ಕೂವಲೆ ಪುಟ್ಟು ಮಾಡಿದರು. ಹೆದರಿ ಹೆದರಿ ಚೂರು ತಿಂದೆ. ಏನೂ ಆಗಲಿಲ್ಲ. ನಾಲ್ಕು ತಿಂದೆ.

ನಿಮ್ಮ ಅವ್ವನಿಗೆ ಹೇಳಿ, ಸೌತೆಕಾಯಿ ಬೇಡ ಅಂದದ್ದು ಅವ್ವನ ಕೈಯನ್ನು ಬೇಡ ಅಂದದ್ದಲ್ಲ ಅಂತ.

ವಿರಾಜಪೇಟೆ ಹಳೇ ಡಾಕ್ಟರ್

ಮಗಳೇ, ಚೆನ್ನಾಗಿ ಹೇಳಿದೆ. ಓದುವವರಿಗೆ ಒಂದು ಎಚ್ಚರಿಕೆ ಮಾತ್ರ. ಬೇಯಿಸಿದರೂ ಜಗ್ಗದ ಪ್ರೋಟೀನುಗಳೂ ಇವೆ. ಕಡಲೆಕಾಯಿಯಲ್ಲಿ, ಪೀಚ್ ಹಣ್ಣಿನ ಸಿಪ್ಪೆಯಲ್ಲಿ ಅಂಥವು ಇರುತ್ತವೆ. ಆದ್ದರಿಂದ ಹಸಿಯಾಗಿ ತಿಂದು ಮೈಗೆಲ್ಲ ತೊಂದರೆ ಆದವರು, ಬೇಯಿಸಿದರೆ ಸರಿ ಹೋಗುತ್ತದೆ ಅಂತ ಮನೆಯಲ್ಲಿ ತಾವೇ ಪ್ರಯೋಗ ಮಾಡಬಾರದು.

ಹೆಬ್ಬಾಲೆ ರೈತ

ಅಕ್ಕ, ನಾನು ನಿಮ್ಮ ಪಕ್ಕದ ಊರಿನವನೇ. ಕಾಂಗ್ರೆಸ್ ಗಿಡ ಕೀಳುವುದಾದರೆ ಹೂ ಬರುವ ಮೊದಲು, ಮಳೆ ಬಿದ್ದು ನೆಲ ಮೆತ್ತಗಿರುವಾಗ ಬೇರು ಸಮೇತ ಕೀಳಬೇಕು. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಹೂ ಬಂದ ಮೇಲೆ ಅಲ್ಲಾಡಿಸಿದರೆ ಪರಾಗವೆಲ್ಲ ಮೂಗಿಗೇ. ನೀವಂತೂ ಮುಟ್ಟಲೇಬೇಡಿ, ಮನೆಯವರಿಗೆ ಹೇಳಿ. ಅವರೂ ಕೈಗೆ ಗ್ಲೌಸ್, ತುಂಬು ತೋಳಿನ ಅಂಗಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ. ನಮ್ಮ ಅಪ್ಪನಿಗೆ ಈ ಗಿಡ ಕಿತ್ತು ಕಿತ್ತು ಕತ್ತು, ಮೊಣಕೈ ಎಲ್ಲಾ ಕಪ್ಪಾಗಿ ಚರ್ಮ ದಪ್ಪ ಆಗಿದೆ, ಬಿಸಿಲಿಗೆ ಹೋಗಲಾಗುವುದಿಲ್ಲ. ಇದರ ಎಲೆ ತಿನ್ನುವ ಒಂದು ಜೀರುಂಡೆ ಇದೆ, ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ನಮ್ಮ ಬದುವಿನಲ್ಲೂ ನೋಡಿದ್ದೇನೆ, ಎಲೆಯೆಲ್ಲ ಜರಡಿ ಮಾಡಿ ಹಾಕಿರುತ್ತದೆ. ಆದರೆ ಅದೊಂದನ್ನೇ ನಂಬಿ ಕೂತರೆ ಆಗದು.

ಕೂಡಿಗೆ ಸೊಸೆ (ಆರು ವಾರದ ನಂತರ)

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಮೈಸೂರಿಗೆ ಹೋಗಿ ಬಂದೆ. ಮಾತ್ರೆ ನಿಲ್ಲಿಸಿದ ವಾರ ನರಕ, ರಾತ್ರಿ ನಿದ್ದೆಯೇ ಇಲ್ಲ. ಫೋನಿನಲ್ಲಿ ತರಲು ಹೇಳಿದ್ದರು, ಹಿತ್ತಲ ಬಳ್ಳಿಯ ಸೌತೆಕಾಯಿ ಒಂದು, ಪುಟ್ಟಬಾಳೆ ಎರಡು ಚೀಲದಲ್ಲಿ ಹಾಕಿಕೊಂಡು ಹೋದೆ. ಅತ್ತೆ ಜೊತೆಗೆ ಬಂದಿದ್ದರು. ನಾನು ಕರೆದಿರಲಿಲ್ಲ, ಅವರೇ ಸೀರೆ ಉಟ್ಟು ತಯಾರಾಗಿ ಜಗಲಿಯಲ್ಲಿ ಕೂತಿದ್ದರು.

ಮುಂಗೈ ಒಳಭಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಒಂದೊಂದು ಹನಿ ಇಟ್ಟು ಚುಚ್ಚಿದರು. ನೋವಿಲ್ಲ. ಇಪ್ಪತ್ತು ನಿಮಿಷ ಕೈ ಅಲ್ಲಾಡಿಸಬೇಡಿ, ಕೆರೆಯಬೇಡಿ ಅಂದರು. ಐದನೇ ನಿಮಿಷಕ್ಕೇ ಒಂದು ಗುರುತಿನ ಹತ್ತಿರ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು, ಸುತ್ತ ಕೆಂಪು. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಲೇ ಇದ್ದರು. ಅದು ಪಾರ್ಥೇನಿಯಂ. ಹುಲ್ಲಿನದು ಸಣ್ಣದಾಗಿ ಬಂತು. ಲೇಟೆಕ್ಸ್ ಏನೂ ಇಲ್ಲ, ಮಡಿಕೇರಿ ಅಕ್ಕನಿಗೆ ತುಂಬಾ ಥ್ಯಾಂಕ್ಸ್. ಬಾಟಲಿಯ ಬಾಳೆಹಣ್ಣಿನಲ್ಲಿ ಏನೂ ಕಾಣಲಿಲ್ಲ, ನಾನು ತಂದ ಪುಟ್ಟಬಾಳೆಗೆ ಚುಚ್ಚಿ ಹಾಕಿದ್ದು ಉಬ್ಬಿತು. ಸೌತೆಕಾಯಿಯದು ಅದಕ್ಕಿಂತ ದೊಡ್ಡದು. ಮೂರು ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಲೆಕ್ಕಕ್ಕೆ ತಗೊಳ್ಳುತ್ತಾರಂತೆ, ನನ್ನದು ಆರು. ಅತ್ತೆ ಡಾಕ್ಟರ ಹತ್ತಿರ "ಇದು ನಮ್ಮ ಹಿತ್ತಲ ಕಾಯಿ" ಅಂದರು. ದನಿ ಸಣ್ಣದಾಗಿತ್ತು. ಬಸ್ಸಿನಲ್ಲಿ ಬರುವಾಗ ಬೈಲಕುಪ್ಪೆ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ರಾಮನವಮಿ ದಿನದ್ದು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಅಂದರು.

ಮೂಗಿಗೆ ಸ್ಪ್ರೇ, ಸೀನಿಗೆ ಮಾತ್ರೆ ಕೊಟ್ಟಿದ್ದಾರೆ. ಹಸಿ ಸೌತೆಕಾಯಿ, ಕರ್ಬೂಜ, ಕಲ್ಲಂಗಡಿ, ಹಸಿ ಬಾಳೆಹಣ್ಣು ಬಿಡಲು ಹೇಳಿದರು. ತಿಂದು ಏನೂ ಆಗದ ಹಣ್ಣುಗಳನ್ನು ಸುಮ್ನೆ ಹೆದರಿ ಬಿಡಬೇಡಿ ಅಂತಲೂ ಹೇಳಿದರು. ಕಿತ್ತಳೆ ತಿನ್ನುತ್ತಿದ್ದೇನೆ. ಮನೆ ಹಿಂದಿನ ಖಾಲಿ ಜಾಗದ ಗಿಡ ನಮ್ಮವರು ಹೆಬ್ಬಾಲೆ ಅಣ್ಣ ಹೇಳಿದ ಹಾಗೆ ಮುಂದಿನ ಮಳೆಗೆ ಕೀಳುತ್ತಾರೆ.

ಹುತ್ತರಿ ದಿನ ಅತ್ತೆ ತಂಬಿಟ್ಟಿಗೆ ಬಾಳೆಹಣ್ಣು ಕಿವುಚುವ ಮೊದಲು ನಾಲ್ಕು ಹಣ್ಣು ತೆಗೆದು ಸಿಪ್ಪೆ ಸಮೇತ ಹಬೆಗೆ ಇಟ್ಟರು. ಬೆಂದ ಹಣ್ಣು ನೀರು ಬಿಟ್ಟಿತು, ಹುರಿದ ಅಕ್ಕಿಹಿಟ್ಟು ಒಂದು ಹಿಡಿ ಜಾಸ್ತಿ ಹಾಕಬೇಕಾಯಿತು. ಬಣ್ಣ ಸ್ವಲ್ಪ ಕಂದು. ಬೇರೆ ಬಟ್ಟಲಲ್ಲಿ ಹಾಕಿ, ಎಳ್ಳು ತುಪ್ಪ ಹಾಕಿ, ಮೇಲೆ ಗುರುತಿಗೆ ಒಂದು ಚೆಂಡುಹೂವಿನ ಎಸಳು ಇಡಲು ಹೋದರು. ಮತ್ತೆ ಅದೂ ಹೂವು ಅಂತ ನೆನಪಾಗಿ ತೆಗೆದು, ಒಂದು ಏಲಕ್ಕಿ ಇಟ್ಟರು. ನಾನು ತಿನ್ನುವಾಗ ಎದುರಿಗೇ ನಿಂತಿದ್ದರು. ಮೊದಲ ತುತ್ತು ನುಂಗಿದೆ. "ತುರಿಸುತ್ತಾ?" ಅಂದರು. ಇಲ್ಲ ಅಂದೆ.